ಅಮಾವಾಸ್ಯೆಗೆ ಮುಂಚೆ ಕಳವಾದ ಫ್ಲಾಪಿ

1989ರ ಅಕ್ಟೋಬರ್ 31, ಮಂಗಳವಾರ, ಬೆಳಗ್ಗೆ 10-20. ದೀಪಾವಳಿ ರಜೆ ಮುಗಿದು ಕೊಟ್ಟೂರು ಠಾಣೆಯಲ್ಲಿ ಇನ್ನೂ ಯಾರೂ ಸರಿಯಾಗಿ ಕುರ್ಚಿ ಹಿಡಿದಿರಲಿಲ್ಲ. ಕಂಪ್ಯೂಟರ್ ಕಲಿಸುವ ಗುರುಸಂಗಪ್ಪ ಏದುಸಿರು ಬಿಡುತ್ತ ಬಂದು ದೂರು ಕೊಟ್ಟರು. ಕಳವಾದದ್ದು ಒಂದು ಫ್ಲಾಪಿ.

“ಹಂಗಂದ್ರೇನ್ರಿ?” ಎಂದರು ಸಬ್‌ಇನ್‌ಸ್ಪೆಕ್ಟರ್ ಪಾಲಾಕ್ಷಪ್ಪ.

“ಅಂಗೈಯಗಲದ ಕರೇ ತಟ್ಟಿ ಸರ್. ಲೆಕ್ಕ ಬರಿಯೋ ಪ್ರೋಗ್ರಾಂ ಅದರಾಗ ಐತಿ. ಅದಿಲ್ದಿದ್ರ ನನ್ನ ಕಂಪ್ಯೂಟರ್ ಬರೇ ಡಬ್ಬಿ.”

ಪೇದೆ ಸುಂಕಪ್ಪ ನಗು ತಡೆದುಕೊಂಡ. ಕುರಿ, ಸೈಕಲ್, ಪಂಪ್‌ಸೆಟ್ ಕಳವು ಕಂಡಿದ್ದ ಠಾಣೆಗೆ ಇದು ಹೊಸ ಸರಕು. ಆದರೂ ಎಫ್‌ಐಆರ್ ದಾಖಲಾಯಿತು.

11-40ಕ್ಕೆ ಪಂಚನಾಮೆ. ಮಹಡಿಯ ಮೇಲೆ ಒಂದೇ ಕೋಣೆ, ಒಂದೇ ಕಂಪ್ಯೂಟರ್, ಐವರು ಕಲಿಯುವವರು. ಒಬ್ಬರು ಯಂತ್ರದ ಮುಂದೆ ಕೂತರೆ ಉಳಿದ ನಾಲ್ವರು ಬೆಂಚಿನಿಂದ ಕತ್ತು ಚಾಚಿ ನೋಡುವುದು ರೂಢಿ. ಬೀಗ ಒಡೆದಿಲ್ಲ, ಕಿಟಕಿಗೆ ಪೆಟ್ಟಿಲ್ಲ. ಡಬ್ಬಿಯಲ್ಲಿ ಹತ್ತು ಹೊಸ ಖಾಲಿ ಫ್ಲಾಪಿಗಳು ಹಾಗೆಯೇ ಇದ್ದವು. ಹಾಜರಿ ಪುಸ್ತಕದಲ್ಲಿ ಶನಿವಾರದ ಕೊನೆಯ ಸಹಿ ಇಪ್ಪತ್ತರ ಹುಡುಗಿ ನಾಗಲಿಂಗಮ್ಮನದು.

ಆಕೆಯನ್ನು ಠಾಣೆಗೆ ಕರೆಸಿದರು. ಜೊತೆಯಲ್ಲಿ ಅಪ್ಪ ಗಾಳೆಪ್ಪ, ಕೂಡ್ಲಿಗಿಯ ಕಚೇರಿಯೊಂದರಲ್ಲಿ ಜವಾನ.

“ಕೊನೀಗೆ ಕುಂತಾಕಿ ನೀನೇನು?”

“ಹೌದ್ರಿ. ಫ್ಲಾಪಿ ತಗದು ಡಬ್ಬಿಗೆ ಹಾಕೀನ್ರಿ.”

“ಅವಾಗ ಯಾರಿದ್ರು?”

“ಎಲ್ಲಾರೂ ಇದ್ರು. ಸರ್ ಕೆಳಗ ಮೇನ್ ಸ್ವಿಚ್ ಆರಿಸಾಕ ಹೋಗಿದ್ರು.”

ಗಾಳೆಪ್ಪ ಕೈಮುಗಿದ. “ಹಗರಿಬೊಮ್ಮನಹಳ್ಳಿ ಸೊಸೈಟಿಗೆ ಮುಂದ ಕಂಪ್ಯೂಟರ್ ಬರತತಿ, ಅದರಾಗ ಲೆಕ್ಕ ಬರಿಯೋರು ಬೇಕಂದಿದ್ರು ಸಾಹೇಬ್ರ, ಅದಕ್ಕ ಕಲಿಯಾಕ ಹಾಕಿದ್ದೆ. ಕಳ್ಳಿ ಅನ್ನೋ ಹೆಸರು ಹೊತ್ತಾಕಿಗೆ ಕೆಲಸ ಯಾರು ಕೊಡ್ತಾರ? ಕದ್ದೋರು ಸಿಗೋತನಕ ಈಕಿ ಹೊಸ್ತಿಲ ದಾಟಂಗಿಲ್ಲ.”

ಹುಡುಗಿ ಅಳಲಿಲ್ಲ. ಬೆರಳುಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು. ತನಗೂ ಅದೇ ವಯಸ್ಸಿನ ಮಗಳಿದ್ದ ಪಾಲಾಕ್ಷಪ್ಪನವರಿಗೆ ಮಧ್ಯಾಹ್ನದ ಊಟ ಸೇರಲಿಲ್ಲ.

ಸುತ್ತಿನ ನಾಲ್ಕು ತಾಲೂಕಿನಲ್ಲಿ ತನಗೆ ತಿಳಿದಂತೆ ಇನ್ನೊಂದು ಕಂಪ್ಯೂಟರ್ ಇಲ್ಲ ಎಂದಿದ್ದರು ಗುರುಸಂಗಪ್ಪ. ಹಾಗಾದರೆ ಕದ್ದವನು ಆ ತಟ್ಟೆಯನ್ನು ಇಟ್ಟುಕೊಂಡು ಏನು ಮಾಡುತ್ತಾನೆ? ಮಾರಲು ಖಾಲಿ ಫ್ಲಾಪಿಗಳೇ ಸಾಕಿತ್ತು. ಯೋಚಿಸುತ್ತ ಅವರು ಠಾಣೆಯ ಟೈಪ್‌ರೈಟರ್ ಕಡೆ ನೋಡಿದರು. ಆಯುಧಪೂಜೆಯ ಅರಿಸಿನ ಅದರ ಮೂಲೆಯಲ್ಲಿ ಇನ್ನೂ ಒಣಗಿ ಅಂಟಿತ್ತು.

“ಸುಂಕಪ್ಪಾ, ಅಮಾವಾಸಿ ಯಾವತ್ತಿತ್ತು?”

“ಭಾನುವಾರ ಸರ್.”

“ಶನಿವಾರ ಕಳವು, ಭಾನುವಾರ ಲಕ್ಷ್ಮೀಪೂಜಿ. ಆ ಐದು ಮಂದಿಯಾಗ ಖಾತೆ ಪುಸ್ತಕ ಪೂಜಿ ಮಾಡೋರು ಯಾರು?”

ಮೂವರು ಕಾಲೇಜು ಮುಗಿಸಿದ ಹುಡುಗರು, ನಾಲ್ಕನೆಯವಳು ನಾಗಲಿಂಗಮ್ಮ. ಐದನೆಯವರು ಏಕಾಂತಪ್ಪ, ವಯಸ್ಸು 54, ಶೇಂಗಾ ಮಂಡಿಯಲ್ಲಿ ಮೂವತ್ತು ವರ್ಷದ ಗುಮಾಸ್ತರು.

ಸಂಜೆ 4-15ಕ್ಕೆ ಮನೆ ಶೋಧ. ದೇವರ ಗೂಡಿನಲ್ಲಿ ಎರಡು ಹೊಸ ಖಾತೆ ಪುಸ್ತಕಗಳು, ನಾಲ್ಕೂ ಮೂಲೆಗೆ ಅರಿಸಿನ. ಅವುಗಳ ನಡುವೆ ಅಷ್ಟೇ ಮರ್ಯಾದೆಯಿಂದ ಕೂತಿತ್ತು ಫ್ಲಾಪಿ, ಮೂಲೆಗೆ ಅರಿಸಿನ, ನಟ್ಟನಡುವೆ ಕುಂಕುಮ, ಮೇಲೆ ಒಂದು ಚೆಂಡುಹೂ.

ಗುರುತು ಹಿಡಿಯಲು ಜೊತೆಗೆ ಬಂದಿದ್ದ ಗುರುಸಂಗಪ್ಪ ಅದನ್ನು ತಿರುಗಿಸಿ ನೋಡಿದರು. ಅರಿಸಿನದ ನೀರು ಒಳಗೆ ಇಳಿದಿತ್ತು. “ಮುಗೀತು ಸರ್. ಇನ್ನ ಓದಂಗಿಲ್ಲ. ಬೆಂಗಳೂರಿಂದ ಬ್ಯಾರೇದು ಬರಾಕ ಹದಿನೈದು ದಿನ ಬೇಕು.”

ಏಕಾಂತಪ್ಪನವರಿಗೆ ಅದು ಗೊತ್ತಿರಲಿಲ್ಲ.

“ಯಾಕ ತಂದ್ರಿ?”

“ಹೊಸ ವರ್ಷಕ್ಕ ಮಂಡಿಗೆ ಕಂಪ್ಯೂಟರ್ ಬರತತಿ. ಕಲತ್ರ ಇರು, ಇಲ್ಲಾಂದ್ರ ಮನಿಗೆ ನಡಿ ಅಂದಾರ ಸಾಹುಕಾರ್ರು. ಐದು ವಾರ ಆತು, ಕೀ ಒತ್ತಾಕ ಹೋದ್ರ ಕೈ ನಡಗತಾವು. ಮೂವತ್ತು ವರ್ಷದಾಗ ಪೂಜಿ ಇಲ್ದ ಒಂದು ಪುಸ್ತಕ ಹಿಡದಾವಲ್ಲ. ಇದನ್ನ ಹಂಗ ಹಿಡದೆ. ಅದಕ್ಕ ಒಲೀವಲ್ದು ಅನ್ನಿಸ್ತು.”

“ಕೇಳಿ ಒಯ್ಯಬಹುದಿತ್ತಲ್ಲ?”

“ಹುಡುಗರು ನಗತಿದ್ರು. ಇವತ್ತು ಕ್ಲಾಸಿಗೆ ಎಲ್ಲಾರಿಗಿಂತ ಮೊದಲು ಹೋಗಿ ಇಟ್ಟುಬಿಡೋಣಂತ ಹೊಂಟಿದ್ದೆ. ಮೆಟ್ಲದಾಗ ಪೊಲೀಸರನ್ನ ಕಂಡೆ. ಕಾಲು ಹಿಂದಕ್ಕ ಬಂದುವು.”

“ಆ ಹುಡುಗಿ ಹೆಸರು ಬಂತು. ಗೊತ್ತೈತೇನು?”

“ಗೊತ್ತೈತ್ರಿ. ಕಳವಿಗಿಂತ ಅದು ದೊಡ್ಡ ತಪ್ಪು.”

ಸುಂಕಪ್ಪ ಹಾಸಿಗೆಯ ಕೆಳಗಿನಿಂದ ಒಂದು ರಟ್ಟು ಎಳೆದ. ಹಳೆ ಖಾತೆ ಪುಸ್ತಕದ ಹೊದಿಕೆಯ ಮೇಲೆ ಕೀಬೋರ್ಡಿನ ಪೂರಾ ಚಿತ್ರ. ಗೆರೆ ಎಳೆದು ಒಂದೊಂದು ಇಂಗ್ಲಿಷ್ ಅಕ್ಷರವನ್ನೂ ಮುತ್ತಿನಂತೆ ಬರೆದಿದ್ದರು. ಬೆರಳು ತಾಗಿ ತಾಗಿ ಎಷ್ಟೋ ಅಕ್ಷರಗಳು ಅಳಿಸಿದ್ದವು. ನಡುಗುವ ಕೈಗಳು ಮನೆಯಲ್ಲಿ ಸುಮ್ಮನೆ ಕೂತಿರಲಿಲ್ಲ ಎಂದು ತಿಳಿದು ಪಾಲಾಕ್ಷಪ್ಪನವರಿಗೆ ಸಂಕಟವಾಯಿತು. ಆದರೆ ಎಫ್‌ಐಆರ್ ಹರಿದು ಹಾಕುವ ಹಾಗಿರಲಿಲ್ಲ. 5-30ಕ್ಕೆ ದಸ್ತಗಿರಿ ಮಾಡಿದರು.

“ಅದನ್ನೂ ಜಪ್ತಿ ಮಾಡ್ತೀರೇನ್ರಿ?” ಏಕಾಂತಪ್ಪ ರಟ್ಟು ತೋರಿಸಿ ಕೇಳಿದರು.

“ಕಳವಿನ ಮಾಲಲ್ಲ ಅದು.”

“ಹಂಗಾರ ಆ ಹುಡುಗಿಗೆ ಕೊಡ್ರಿ. ಹದಿನೈದು ದಿನ ಬಿಟ್ರ ಕೈ ಮರೀತಾವು.”

ಪೇದೆಯ ಕೈಯಲ್ಲಿ ಕಳಿಸಬಹುದಿತ್ತು. ಪಾಲಾಕ್ಷಪ್ಪ ತಾವೇ ಗಾಳೆಪ್ಪನ ಮನೆಗೆ ಹೋದರು. ಕದ್ದವರು ಸಿಕ್ಕರು, ನಿಮ್ಮ ಮಗಳಲ್ಲ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ನಾಗಲಿಂಗಮ್ಮ ರಟ್ಟನ್ನು ಮಡಿಲಲ್ಲಿಟ್ಟುಕೊಂಡು ಅಳಿಸಿಹೋದ ಜಾಗಗಳನ್ನು ನೋಡುತ್ತ ಕೂತಳು. ಆಮೇಲೆ ಒಳಗಿನಿಂದ ಪೆನ್ನು ತಂದು, ಒಂದೊಂದೇ ಅಕ್ಷರವನ್ನು ಅದರ ಜಾಗಕ್ಕೆ ತುಂಬತೊಡಗಿದಳು.