ಒಡೆಯದೆ ಉಳಿದ ಜೊತೆಕಡ್ಡಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಎಸ್ಕಿಶೆಹಿರ್ ನಗರದ ಕೈಗಾರಿಕಾ ಪ್ರದೇಶದ ಠಾಣೆಗೆ ದೂರೊಂದು ಬಂತು. ಪಿಂಗಾಣಿ ಕಾರ್ಖಾನೆಯ ಗುಣಮಟ್ಟ ವಿಭಾಗದ ಮುಖ್ಯಸ್ಥ ಫೆರಿದುನ್ ಖುದ್ದಾಗಿ ತಂದಿದ್ದ. ಕುಲುಮೆಯೊಳಗೆ ಗ್ಯಾಸ್ ಉರಿಯುವ ಕೊಳವೆ ಸಿಡಿದು ಯಾಲ್ಚಿನ್ ಎಂಬ ಕೆಲಸಗಾರ ಸತ್ತಿದ್ದಾನೆ. ಅವನ ಅಣ್ಣ ಸಾದಿಕ್ ಗ್ಯಾಸನ್ನು ಒಮ್ಮೆಲೇ ತೆರೆದದ್ದೇ ಕಾರಣ ಎಂದು ಬರೆದಿತ್ತು.

ಇನ್ಸ್‌ಪೆಕ್ಟರ್ ನೆರ್ಮಿನ್ ಎಫ್‌ಐಆರ್ ದಾಖಲಿಸಿಕೊಂಡು ಮೊದಲು ಆಸ್ಪತ್ರೆಗೆ ಹೋದಳು. ಸಾದಿಕ್‌ನ ಎರಡೂ ಕೈಗಳಿಗೆ ಬ್ಯಾಂಡೇಜು ಸುತ್ತಿದ್ದರು.

"ಗ್ಯಾಸ್ ಹೇಗೆ ಬಿಟ್ಟೆ?"

"ದಿನಾ ಬಿಡೋ ಹಾಗೇ, ನಿಧಾನಕ್ಕೆ. ಆದ್ರೆ ಫೆರಿದುನ್ ಅಣ್ಣ ಇಲ್ಲಿಗೇ ಬಂದು, ನಿನ್ನ ತಮ್ಮನ್ನ ನೀನೇ ತಿಂದ್ಕೊಂಡೆ ಅಂದ್ರು. ಇರಬಹುದೇನೋ ಮೇಡಂ. ಅಮ್ಮನಿಗೆ ಏನಂತ ಹೇಳ್ಲಿ?"

ನೆರ್ಮಿನ್‌ಗೆ ಮೈಯೆಲ್ಲ ಉರಿಯಿತು. ಸುಟ್ಟು ಮಲಗಿದವನ ಪಕ್ಕ ನಿಂತು ಹೀಗೆ ಮಾತಾಡುವವನು ಮನುಷ್ಯನೇ?

ಸಿಡಿದ ಕೊಳವೆ ಸಿಲಿಕಾನ್ ಕಾರ್ಬೈಡಿನದು. ಪುಡಿಯನ್ನು ಪದರ ಪದರವಾಗಿ ಹರಡಿ, ನಡುನಡುವೆ ಅಂಟು ಸಿಂಪಡಿಸಿ ಕಾರ್ಖಾನೆಯದೇ ಯಂತ್ರ ಅದನ್ನು ಮುದ್ರಿಸುತ್ತದೆ. ಆಮೇಲೆ ಕುಲುಮೆಯಲ್ಲಿ ಆ ಅಂಟು ನಿಧಾನವಾಗಿ ಸುಟ್ಟು ಹೋಗಬೇಕು. ಪ್ರತಿ ಕೊಳವೆಯ ಜೊತೆ ಬೆರಳುದ್ದದ ಕಡ್ಡಿಯೊಂದನ್ನೂ ಮುದ್ರಿಸಿ, ಒಟ್ಟಿಗೇ ಸುಟ್ಟು, ಒಡೆದು ಒಳಗೆ ನೋಡುವುದು ಅಲ್ಲಿನ ಪದ್ಧತಿ. ಅದು ಗಟ್ಟಿಯಾಗಿದ್ದರೆ ಮಾತ್ರ ಕೊಳವೆ ಬಳಕೆಗೆ ಹೋಗುತ್ತದೆ.

ಕಾರ್ಖಾನೆಯಲ್ಲಿ ಕಾನ್‌ಸ್ಟೇಬಲ್ ಜಾಹಿತ್ ಪಂಚನಾಮೆ ಬರೆದು ಕೊಳವೆಯ ಚೂರುಗಳನ್ನು ಆರಿಸಿಕೊಂಡ. ಫೆರಿದುನ್ ಚಹಾ ತರಿಸಿದ. ಯಾರೂ ಮುಟ್ಟಲಿಲ್ಲ.

"ಜೊತೆಕಡ್ಡಿ ಎಲ್ಲಿ?" ನೆರ್ಮಿನ್ ಕೇಳಿದಳು.

"ಇಗೋ ಎರಡು ತುಂಡು. ನಾನೇ ಒಡೆದು ನೋಡಿದ್ದು. ಒಂದು ಬಿರುಕೂ ಇಲ್ಲ."

ಠಾಣೆಯ ಮೇಜಿನ ಮೇಲೆ ಜಾಹಿತ್ ಕೊಳವೆಯ ಚೂರನ್ನೂ ಕಡ್ಡಿಯ ತುಂಡನ್ನೂ ಪಕ್ಕಪಕ್ಕ ಇಟ್ಟ. "ಮೇಡಂ, ಚೂರಿನ ಮೇಲೆ ಪದರದ ಗೆರೆ ಕೈಗೆ ಸಿಗ್ತದೆ. ಕಡ್ಡಿ ಮೇಲೆ ಉಗುರು ಜಾರ್ತದೆ. ಇವೆರಡೂ ಒಂದೇ ಹೊಟ್ಟೇಲಿ ಹುಟ್ಟಿದ್ವಂತೆ!"

ವಿಶ್ವವಿದ್ಯಾಲಯದ ವರದಿ ಬಂತು. ಕಡ್ಡಿ ಯಂತ್ರ ಮುದ್ರಿಸಿದ್ದಲ್ಲ, ಪುಡಿಯನ್ನು ಅಚ್ಚಿಗೆ ತುಂಬಿ ಒತ್ತಿದ್ದು. ಫೆರಿದುನ್ ಮೊದಲೆಲ್ಲ ದುಡಿದದ್ದು ಅಚ್ಚಿನ ವಿಭಾಗದಲ್ಲಿ. ಗಟ್ಟಿ ಕಡ್ಡಿ ಬೇಕೆಂದಾಗ ಅವನ ಕೈ ಹಳೆಯ ಅಭ್ಯಾಸದಂತೆ ಅಲ್ಲಿಗೇ ಹೋಗಿತ್ತು.

ಅವನ ಕಪಾಟಿನ ಶೋಧದಲ್ಲಿ ಕರವಸ್ತ್ರದಲ್ಲಿ ಸುತ್ತಿದ ಇನ್ನೊಂದು ಕಡ್ಡಿ ಸಿಕ್ಕಿತು. ಮೈತುಂಬ ಪದರದ ಗೆರೆಗಳಿದ್ದವು, ಇಡಿಯಾಗಿತ್ತು. ಪಂಚರು ಮತ್ತು ವಿಶ್ವವಿದ್ಯಾಲಯದ ತಜ್ಞೆಯ ಎದುರು ನೆರ್ಮಿನ್ ಸುತ್ತಿಗೆ ಚಾಚಿದಳು.

"ಈಗ ಒಡಿ."

ಫೆರಿದುನ್ ಕೈ ಎತ್ತಲಿಲ್ಲ. ಜಾಹಿತ್ ಒಡೆದ. ಒಳಗೆ ಉದ್ದಕ್ಕೂ ಬಿರುಕುಗಳು ಹರಡಿದ್ದವು. ಅವಸರದಲ್ಲಿ ಅಂಟು ಸುಟ್ಟದ್ದರ ಗುರುತು ಅದು ಎಂದು ತಜ್ಞೆ ಹೇಳಿದಳು.

"ಮೊದಲೇ ಯಾಕೆ ಒಡೀಲಿಲ್ಲ?" ನೆರ್ಮಿನ್ ಫೆರಿದುನ್‌ನನ್ನು ಕೇಳಿದಳು.

"ಹಿಂದಿನ ಮೂರು ಕೊಳವೆಯ ಕಡ್ಡಿ ಒಡೆದೆ ಮೇಡಂ, ಮೂರೂ ಬಿರುಕು. ಆ ಮುದ್ರಿಸೋ ಯಂತ್ರ ತರಿಸಿ ಅಂತ ಹಠ ಹಿಡಿದವನು ನಾನೇ. ಮೂರು ದಿನದ ಸುಡುವಿಕೆ ಒಂದೇ ದಿನದಲ್ಲಿ ಮುಗಿಸ್ತೀನಿ ಅಂತ ಜಂಬ ಬೇರೆ ಕೊಚ್ಚಿದ್ದೆ. ಊಟದ ಹೊತ್ತಿಗೆ ಎಲ್ಲರೂ ನನ್ನ ನೋಡಿ ನಗ್ತಿದ್ರು. ನಾಲ್ಕನೇದು ಒಡೆಯೋಕೆ ಧೈರ್ಯ ಬರಲಿಲ್ಲ."

ನೆರ್ಮಿನ್ ಮೇಜು ಗುದ್ದಿದಳು. "ನಗ್ತಾರೆ ಅಂತ ತಮ್ಮನ್ನ ಸುಟ್ಟೆ, ಅಣ್ಣನ ತಲೆ ಮೇಲೆ ಗೂಬೆ ಕೂರಿಸಿದೆ! ಥೂ, ನಿನ್ನ ಮರ್ಯಾದೆಗಿಷ್ಟು!"

ಅಲ್ಲೇ ಅವನ ಬಂಧನವಾಯಿತು. ಸಾದಿಕ್ ಮೇಲಿನ ದೂರು ಸುಳ್ಳೆಂದು ಷರಾ ಬರೆದು ನೆರ್ಮಿನ್ ನೇರವಾಗಿ ಆಸ್ಪತ್ರೆಗೆ ಹೋದಳು.

"ನಿನ್ನಿಂದ ಆದದ್ದಲ್ಲ ಸಾದಿಕ್. ಕೊಳವೆ ಒಳಗೇ ಬಿರಿದಿತ್ತು. ಫೆರಿದುನ್‌ಗೆ ಅನುಮಾನ ಇತ್ತು, ನೋಡೋಕೆ ಹೆದರಿದ."

ಸಾದಿಕ್ ಅವಳ ಕಡೆ ತಿರುಗಿದ. "ಒಂದು ಕಡ್ಡಿ ಒಡೆಯೋಕೆ ಎಷ್ಟು ಹೊತ್ತು ಬೇಕಿತ್ತು ಮೇಡಂ?"

ನೆರ್ಮಿನ್ ಕುರ್ಚಿಯನ್ನು ಅವನ ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮನಿಗೆ ಫೋನ್ ಹಚ್ಚಿ ಕಿವಿಗೆ ಹಿಡೀತೀರಾ?" ಎಂದ ಅವನು. "ನನ್ನ ಕೈಯಲ್ಲಿ ಆಗಲ್ಲ. ನಾನೇ ಹೇಳ್ಬೇಕು ಅವಳಿಗೆ."