ಮೂರನೇ ಇಯತ್ತೆಯ ಗೋಡೆ

"ಇವು ಚಿತ್ರ ಅಲ್ಲರಿ ಬಾಯಾರ. ನನ್ನ ಚಿತ್ರದ ನಕಲು."

ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸುತ್ತಿದ್ದ ವಾರಿಜಾ ತಿರುಗಿ ನೋಡಿದಳು. ಬಾಗಿಲಲ್ಲಿ ನಿಂತಿದ್ದವನ ಅಂಗಿಯ ತೋಳಿಗೆ ಬಣ್ಣ ಮೆತ್ತಿತ್ತು. ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು.

ಇವನೇ ಮುರಿಗೆಪ್ಪ ಎಂದು ಆ ಬಣ್ಣ ನೋಡಿಯೇ ಅವಳಿಗೆ ಹೊಳೆಯಿತು.

೧೯೫೬ರ ಮಾತಿದು. ಫೋರ್ಟಿನ ಕನ್ನಡ ಶಾಲೆಯಲ್ಲಿ ಮೂರನೇ ಇಯತ್ತೆಗೆ ಕಲಿಸುತ್ತಿದ್ದ ವಾರಿಜಾ, ತಿಂಗಳ ಹಿಂದೆ ಮಕ್ಕಳನ್ನು ಒಂದು ಚಿತ್ರಪ್ರದರ್ಶನಕ್ಕೆ ಕರೆದೊಯ್ದಿದ್ದಳು. ಅಲ್ಲಿ ಧಾರವಾಡದ ಈ ತರುಣ ಬರೆದ ಗಿರಣಿ ಕಾರ್ಮಿಕರ ಚಿತ್ರವಿತ್ತು. ದಪ್ಪ ಕಪ್ಪು ಗೆರೆ, ನೀಲಿ ಮುಖ, ಒಂದೇ ಕಡೆ ಕುಸಿದ ಹೆಗಲು. ಮಕ್ಕಳು ಅದರ ಮುಂದಿನಿಂದ ಕದಲಲಿಲ್ಲ. ಅವಳೂ ಕದಲಲಿಲ್ಲ.

ಮರಳಿ ಬಂದ ಮೇಲೆ, ನಿಮ್ಮ ಮನೆಯಲ್ಲಿ ದುಡಿಯುವವರನ್ನು ಹಾಗೇ ಧೈರ್ಯವಾಗಿ ಬರೆಯಿರಿ ಎಂದಿದ್ದಳು. ಬಂದು ನೋಡಿ ಎಂದು ಅವನಿಗೆ ಕಾಗದ ಹಾಕಿದವಳೂ ಅವಳೇ.

"ನಕಲಲ್ಲ. ಯಾರನ್ನು ಬರೆದದ್ದು ಅಂತ ಮಕ್ಕಳ ಹತ್ತಿರವೇ ಕೇಳಿ ನೋಡಿ," ಎಂದಳು ವಾರಿಜಾ.

ಅವನು ಕೇಳಲಿಲ್ಲ. ಹೊರಟುಹೋದ.

ಹೆಡ್‌ಮಿಸ್ಟ್ರೆಸ್ ಶೀಲಾವತಿಯವರ ಕಿವಿಗೆ ಈ ಮಾತು ಬಿತ್ತು. ಮಕ್ಕಳು ಬರೆದ ನೀಲಿ ಮುಖಗಳ ಬಗ್ಗೆ ಅವರಿಗೆ ಮೊದಲೇ ಅನುಮಾನವಿತ್ತು. ಮುಂದಿನ ವಾರ ಇನ್‌ಸ್ಪೆಕ್ಟರ್ ಬರುವವರಿದ್ದಾರೆ, ಇವನ್ನೆಲ್ಲ ತೆಗೆದು ತಾವರೆ, ಮಾವಿನಕಾಯಿ ಬರೆಸಿ ಎಂದರು. ವಾರಿಜಾಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಂದೊಂದಾಗಿ ಚಿತ್ರ ಇಳಿಸಿದಳು. ತಾನು ಬರೆದ ಅಪ್ಪ ಚೆನ್ನಾಗಿಲ್ಲವೇ ಎಂದು ಪುಟ್ಟ ಸೇವಂತಿ ಕೇಳಿದಾಗ ವಾರಿಜಾ ಆ ಹಾಳೆಯನ್ನು ಮಡಿಸದೆ ಎಲ್ಲಕ್ಕಿಂತ ಮೇಲಿಟ್ಟಳು.

ಇಂಥವನ ಚಿತ್ರದ ಮುಂದೆ ಅಷ್ಟು ಹೊತ್ತು ನಿಂತೆನಲ್ಲ... ಲೋಕಲ್ ರೈಲು ಹಿಡಿದು ಗೋರೆಗಾಂವ್‌ನ ಅಣ್ಣನ ಮನೆ ತಲುಪುವವರೆಗೂ ತನ್ನ ಮೇಲೆ ತನಗೇ ಸಿಟ್ಟು.

ಮುರಿಗೆಪ್ಪ ಲೇಬಲ್ ಅಚ್ಚುಹಾಕುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಮೂರನೆಯ ದಿನ ಮಧ್ಯಾಹ್ನ ಉಡುಪಿ ಹೋಟೆಲಿನಲ್ಲಿ ಊಟಕ್ಕೆ ಕೂತವನ ಕಣ್ಣು ಅಡುಗೆಮನೆಯತ್ತ ಹೋಯಿತು. ಕಾವಲಿಯ ಮುಂದೆ ನಿಂತು ದೋಸೆ ಎಬ್ಬುತ್ತಿದ್ದ ದೂಜನೆಂಬ ಅಡುಗೆಯವನ ಎಡ ಹೆಗಲು ಮೇಲೆದ್ದು, ಬಲಹೆಗಲು ಕುಸಿದಿತ್ತು. ಶಾಲೆಯ ಗೋಡೆಯ ಮೇಲೆ ಅವನು ಕಂಡದ್ದು ಇದೇ ಹೆಗಲು! ತನ್ನ ಚಿತ್ರದಲ್ಲಿ ಕುಸಿದದ್ದು ಎಡ ಹೆಗಲು.

ತಟ್ಟೆ ಬಿಟ್ಟು ಎದ್ದು ಹೋಗಿ ವಿಚಾರಿಸಿದ. ಹೌದು, ಮಗಳು ಸೇವಂತಿ ಅದೇ ಶಾಲೆಯಲ್ಲಿ ಕಲಿಯುತ್ತಾಳೆ ಎಂದ ದೂಜ.

ಮುರಿಗೆಪ್ಪ ನೇರ ಶಾಲೆಗೆ ಬಂದು ಶೀಲಾವತಿಯವರ ಎದುರಿಗೇ ವಾರಿಜಾಳಿಗೆ ಹೇಳಿದ:

"ತಪ್ಪು ನಂದರಿ. ಆ ಹುಡಿಗಿ ತನ್ನ ಅಪ್ಪನ್ನ ನೋಡಿ ಬರದಾಳ. ನಾನ ಕಣ್ಣಿದ್ದೂ ನೋಡಲಿಲ್ಲ."

ಇನ್‌ಸ್ಪೆಕ್ಟರ್ ಕೇಳಿದರೆ ತಾನೇ ಬಂದು ವಿವರಿಸುವೆನೆಂದ. ಶೀಲಾವತಿ ಒಪ್ಪಿದರು. ಚಿತ್ರಗಳು ಮತ್ತೆ ಗೋಡೆ ಏರಿದವು. ಇನ್‌ಸ್ಪೆಕ್ಟರ್ ಬಂದರು, ಒಂದೊಂದರ ಮುಂದೂ ನಿಂತರು, ತಾವರೆಯ ಸುದ್ದಿಯನ್ನೇ ಎತ್ತಲಿಲ್ಲ.

ವಾರಿಜಾ ಮಾತ್ರ ಬೇಗ ಕರಗಲಿಲ್ಲ. ಪ್ರತಿ ಶನಿವಾರ ಅವನು ಬಂದು ಮಕ್ಕಳ ನಡುವೆ ಕೂತು ಬಣ್ಣ ಕಲಸುತ್ತಿದ್ದ. ನೀರು ಎಲ್ಲಿದೆ ಎಂಬುದರ ಹೊರತು ಅವಳು ಏನೂ ಹೇಳುತ್ತಿರಲಿಲ್ಲ. ಒಂದು ಶನಿವಾರ, ಆ ನೀಲಿಯನ್ನು ಹೇಗೆ ಮಾಡುತ್ತೀರಿ ಎಂದು ಕೇಳಿಬಿಟ್ಟಳು. ಶಾಲೆ ಬಿಟ್ಟ ಗಂಟೆಯೂ ಇಬ್ಬರಿಗೂ ಕೇಳಿಸಲಿಲ್ಲ. ಅಂದಿನಿಂದ ಚರ್ಚ್‌ಗೇಟ್ ಸ್ಟೇಷನ್ನಿನವರೆಗೆ ಜೊತೆಯಾಗಿ ನಡೆಯತೊಡಗಿದರು.

ಡಿಸೆಂಬರಿನ ಒಂದು ಸಂಜೆ ಪ್ಲ್ಯಾಟ್‌ಫಾರ್ಮಿನಲ್ಲಿ ಅವಳ ಲೋಕಲ್ ಬಂತು, ಹೋಯಿತು. ಇನ್ನೊಂದೂ ಹೋಯಿತು.

"ಅಣ್ಣ ಊರಲ್ಲಿ ಗಂಡು ನೋಡ್ತಾ ಇದ್ದಾನೆ," ಎಂದಳು ಕೊನೆಗೆ.

ಜಾತಿ ಬೇರೆ, ಊರು ಬೇರೆ, ಮನೆಮಾತೂ ಬೇರೆ. ಅವಳ ಅಣ್ಣ ಒಪ್ಪಲು ಮುಂದೆ ಎಂಟು ತಿಂಗಳು ಹಿಡಿಯಿತು. ಆದರೆ ಆ ಸಂಜೆ ಅದು ಇಬ್ಬರಿಗೂ ಗೊತ್ತಿರಲಿಲ್ಲ.

"ನಾಳೆ ರವಿವಾರ. ಗೋರೆಗಾಂವ್‌ಗೆ ಬಂದು ನಿಮ್ಮಣ್ಣಾರ ಕಡೆ ಮಾತಾಡ್ತೀನಿ," ಎಂದ ಮುರಿಗೆಪ್ಪ.

"ಎಂತ ಹೇಳ್ತೀರಿ?"

"ಧಾರವಾಡದಾಂವ, ಪ್ರೆಸ್ಸಿನ್ಯಾಗ ನೌಕರಿ ಐತಿ, ಚಿತ್ರಾ ಬರೀತೀನಿ... ನಿಮ್ಮ ತಂಗೀನ ಲಗ್ನ ಆಗಬೇಕಂತ ಮಾಡೀನಿ ಅಂತ."

"ಅಣ್ಣನಿಗೆ ಸುತ್ತು ಮಾತು ಆಗುದಿಲ್ಲ. ಕೊನೆಯದ್ದನ್ನು ಮೊದಲು ಹೇಳಿ."

ಅವನು ಅವಳ ಮುಖವನ್ನೇ ನೋಡಿದ.

"ಅಂದ್ರ... ನಿಮಗ ಒಪ್ಪಿಗಿ ಐತೇನು?"

"ಒಪ್ಪಿಗೆ ಇಲ್ಲದಿದ್ರೆ ಎರಡು ಲೋಕಲ್ ಬಿಡ್ತಿದ್ದೆನಾ?"