ಕುಪ್ಪನ ಗಾಡಿಯ ನೆಲ

ಸೊಂಟ ಮುರಿದ ಬೀರಜ್ಜಿಯನ್ನು ಕತ್ತಲಾಗುವ ಮೊದಲು ಅಂಕೋಲೆಯ ಆಸ್ಪತ್ರೆಗೆ ಮುಟ್ಟಿಸಬೇಕಿತ್ತು. ಬೆಳಿಗ್ಗೆ ಗೇರುಮರದಿಂದ ಬಿದ್ದವಳು ಗುಡ್ಡದ ಕೇರಿಯಲ್ಲಿ ನರಳುತ್ತಿದ್ದಳು. ರೋಗಿಗಳನ್ನು ಕಂಬಳಿಯಲ್ಲಿ ಹೊತ್ತು ಸಾಕಾಗಿ ಕೇರಿಯವರು ಒಂದು ಸೆಕೆಂಡ್‌ಹ್ಯಾಂಡ್ ಎಸ್‌ಯುವಿ ಕೊಳ್ಳುವವರಿದ್ದರು. ಅಂದೇ ಕಾರವಾರದಿಂದ ಇಬ್ಬರು ತಂತಮ್ಮ ಗಾಡಿ ತೋರಿಸಲು ಬಂದಿದ್ದರು. ಕಿಶನನದು ಹೊಸ ಮಾದರಿ, ಮೈಯೆಲ್ಲ ಹೊಳಪು. ಕುಪ್ಪನದು ಹಳೆಯದು, ಬಹುಕಾಲ ಮೀನು ಹೊತ್ತದ್ದು.

ಅಜ್ಜಿಯ ಮಗಳು ರೂಪಾ ಅಳುತ್ತ ಕೂರಲಿಲ್ಲ. "ಎರಡೂ ಹೊರಡ್ಲಿ. ಯಾವ್ದು ಅವ್ವಿನ್ನ ಮುಟ್ಸ್ತದೋ ಅದ್ನೇ ತಕಂತೇವು."

ಸೀಟು ಮಡಚಿ ಅಜ್ಜಿಯನ್ನು ಕಿಶನನ ಗಾಡಿಯಲ್ಲಿ ಮಲಗಿಸಿದರು; ರೂಪಾ ಪಕ್ಕದಲ್ಲಿ ಕೂತಳು. ಮತ್ತಿ, ಹೊನ್ನೆ ಮರಗಳ ನಡುವಿನ ದಾರಿ ಮಳೆಗೆ ಕೊಚ್ಚಿಹೋಗಿ ಬೇರುಗಳೇ ಮೆಟ್ಟಿಲಾಗಿದ್ದವು. ಅದರ ಮೇಲೂ ಆ ಗಾಡಿ ತೊಟ್ಟಿಲಿನಂತೆ ಸಾಗಿತು. ಕುಪ್ಪನದು ಹೊಗೆ ಕಾರುತ್ತ, ಕಲ್ಲಿಗೊಮ್ಮೆ ಕುಣಿಯುತ್ತ ಹಿಂದೆ ಬಂತು.

ಬರುವಾಗ ದಾಟಿದ್ದ ಹಳ್ಳದಲ್ಲಿ ಈಗ ನೀರೇರಿತ್ತು. ಅದರ ನಡುವೆ ಕಿಶನನ ಗಾಡಿ ನಿಂತಿತು.

"ಸೆನ್ಸರಿಗೆ ನೀರ್ ಹೋಯ್ತು. ಶೋರೂಮಿನವ್ರೇ ಬರ್ಬೇಕು," ಎಂದ ಕಿಶನ.

"ಕರಿ ಮತ್ತೆ," ಎಂದಳು ರೂಪಾ. ಅಲ್ಲಿ ಫೋನೇ ಹತ್ತುತ್ತಿರಲಿಲ್ಲ.

ಕುಪ್ಪ ನಕ್ಕ. ಲಿವರ್ ಎಳೆದು ನಾಲ್ಕೂ ಗಾಲಿಗೆ ಬಲ ಕೊಟ್ಟು, ನೀರು ಸೀಳಿ ಪಕ್ಕಕ್ಕೆ ಬಂದ. ಮೂವರೂ ಸೇರಿ ಅಜ್ಜಿಯನ್ನೆತ್ತಿ ಅವನ ಗಾಡಿಗೆ ದಾಟಿಸಿದರು. ಅವಳ ಕೂಗಿಗೆ ಮಂಗಗಳು ಚದುರಿದವು.

ದಡ ಹತ್ತಿದ್ದೇ ಗಾಡಿಯ ನೆಲ ಒಡೆಯಿತು. ಹೊಸ ಮ್ಯಾಟಿನ ಕೆಳಗೆ ತಗಡೇ ಉಳಿದಿರಲಿಲ್ಲ. ಮೀನಿನ ಉಪ್ಪುನೀರು ಅದನ್ನು ತಿಂದು ಮುಗಿಸಿತ್ತು. ಅಜ್ಜಿಯ ಸೊಂಟದಡಿ ದೊಡ್ಡ ತೂತು, ಅದರಡಿ ಕಾದ ಸೈಲೆನ್ಸರ್.

"ನಿಂಗೆ ಗೊತ್ತಿತ್ತಾ, ಕುಪ್ಪಣ್ಣ?"

"ಮಾರೂಕೆ ತಂದದ್ದು ಮಾರಾಯ್ತಿ. ಮನ್ಶರನ್ನ ಮಲಗ್ಸೂಕಲ್ಲ."

ಅಜ್ಜಿಯ ಉಸಿರು ಸಣ್ಣಗಾಗುತ್ತಿತ್ತು. ಹಲಗೆ ಹುಡುಕುವಷ್ಟು ಪುರುಸೊತ್ತಿರಲಿಲ್ಲ.

"ಈಗ ನೀನೇ ಮಲಕೊ," ಎಂದಳು ರೂಪಾ. ಅವಳ ಕೈಯಲ್ಲಿ ದಾರಿ ಸವರುವ ಕತ್ತಿಯಿತ್ತು.

ಕುಪ್ಪ ಮಲಗಿದ. ಭುಜ ತೂತಿನ ಅಂಚಿನ ಒಂದು ಕಬ್ಬಿಣದ ಅಡ್ಡಪಟ್ಟಿಯ ಮೇಲೆ, ತೊಡೆ ಇನ್ನೊಂದರ ಮೇಲೆ, ಎದೆಯ ಮೇಲೆ ಬೀರಜ್ಜಿ. ಕಿಶನ ಓಡಿಸಿದ. ಹಳ್ಳದಲ್ಲಿ ಬಿಟ್ಟುಬಂದ ಗಾಡಿಯ ಸಿಟ್ಟಿಗೋ ಏನೋ, ಒಂದು ಗುಂಡಿಯನ್ನೂ ತಪ್ಪಿಸಲಿಲ್ಲ. ಬೆನ್ನು ಸುಟ್ಟು ಕುಪ್ಪ ಒದ್ದಾಡಿದ.

"ಅಲ್ಲಾಡ್ಬೇಡ ತಮಾ," ಎಂದಳು ಬೀರಜ್ಜಿ. "ನಂಗೆ ನೋವಾಗ್ತದೆ."

ಬೆಳಕಿರುವಾಗಲೇ ಅಂಕೋಲೆ ಮುಟ್ಟಿದರು. ಅಜ್ಜಿ ಉಳಿಯುತ್ತಾಳೆ ಎಂದರು ಡಾಕ್ಟರು. ರೂಪಾಳಿಗೆ ಆಗ ಅಳು ಬಂತು. ಕಣ್ಣೊರೆಸಿಕೊಂಡು ಕುಪ್ಪನ ಮಂಚದ ಬಳಿ ಹೋದಳು. ಅವನು ಬೋರಲು ಬಿದ್ದಿದ್ದ. ಬೆನ್ನಿನ ಚರ್ಮ ಅಂಗಿಯ ಜೊತೆ ಕಿತ್ತು ಬಂದಿತ್ತು.

"ನಿನ್ ಗಾಡಿನೇ ತಕಂತೇವು, ಕುಪ್ಪಣ್ಣ."

ಕುಪ್ಪ ಆಸೆಯಿಂದ ತಲೆ ಎತ್ತಿದ.

"ನೆಲ ಹಾಕ್ಸಿ ತಕಂಬಾ. ಮೊದ್ಲು ನೀ ಮಲಗಿ ತೋರ್ಸ್ಬೇಕು. ಅಂಗಾತ."